ಹನ್ನೆರಡು ಅಡಿ ಅಗಲದ ದುಬೈ

ದುಬೈ ಕಟ್ಟಲು ಅಲ್ಲಿಯವರಿಗೆ ಎಷ್ಟು ವರ್ಷ ಹಿಡಿಯಿತೋ ನನಗೆ ತಿಳಿಯದು. ನಾನು ಹನ್ನೊಂದು ದಿನದಲ್ಲಿ ಕಟ್ಟಿ ಮುಗಿಸಿದೆ. ಅದರಲ್ಲೂ ಎರಡು ದಿನ ಕರೆಂಟಿರಲಿಲ್ಲ, ಒಂದು ದಿನ ನೀಲಿ ಬಣ್ಣ ಮುಗಿದು ಕೈಕಟ್ಟಿ ಕೂತಿದ್ದೆ. ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಮೂರು ಪಟ್ಟಿ ಒರಟು ಬಟ್ಟೆ ಸೇರಿಸಿ ಹೊಲಿಸಿ, ಗಂಜಿ ಬಳಿದು ಒಣಗಿಸಿ, ಅದರ ಮೇಲೆ ಇಡೀ ನಗರವನ್ನು ಎಬ್ಬಿಸಿದ್ದೆ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಕಾಫಿಪುಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ದುಬೈ ಅಲ್ಲಿ ಬಿದಿರಿನ ಗಳುವಿಗೆ ಸುತ್ತಿಕೊಂಡು ಸೂರಿನ ಕೆಳಗೆ ತೂಗಾಡುತ್ತಿತ್ತು. ಹಗ್ಗ ಸಡಿಲಿಸಿದರೆ ಇಳಿಯುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅಪ್ಪ ಭೂಮಿಯೊಳಗೆ ಸುರಂಗ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸದವನು. ನನಗೂ ಅದೇ ಕೆಲಸ ಸಿಗುತ್ತಿತ್ತು. ಒಂದೇ ಒಂದು ಸಲ ಕೆಳಗಿಳಿದು ಬಂದು, ಇನ್ನು ಸತ್ತರೂ ಒಲ್ಲೆ ಎಂದೆ. ಕತ್ತಲೆಗೆ ಹೆದರಿ ಓಡಿಬಂದವನು ಕೊನೆಗೆ ಹೊಟ್ಟೆ ಹೊರೆದದ್ದು ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ. ಅಪ್ಪ ಸಾಯುವವರೆಗೂ ಇದನ್ನು ಹೇಳಿಕೊಂಡು ನಗುತ್ತಿದ್ದ.

ಮೊದಲು ನನ್ನ ಬಳಿ ಇದ್ದದ್ದು ಎರಡೇ ಪರದೆ. ಒಂದರಲ್ಲಿ ಮೆಟ್ಟಿಲು, ಹೂಕುಂಡಗಳ ತೋಟ. ಇನ್ನೊಂದರಲ್ಲಿ ತಾಜಮಹಲು. ತಾಜಮಹಲಿಗೆ ಬಹಳ ಗಿರಾಕಿಯಿತ್ತು, ಮದುಮಗಳೊಬ್ಬಳ ಅಜ್ಜಿ ಬರುವ ತನಕ. "ಒಸಾ ಜೋಡೀನ ಗೋರಿ ಮುಂದೆ ಯಾಕ್ಲಾ ನಿಲ್ಲಿಸ್ತೀಯ?" ಎಂದು ಆ ಮುದುಕಿ ಮೆಟ್ಟಿಲು ಇಳಿಯುವವರೆಗೂ ಬೈದಳು. ಈ ಮಾತು ಪೇಟೆಯಲ್ಲೆಲ್ಲ ಹರಡಿ, ಆ ಮುಹೂರ್ತದ ಮದುವೆಗಳೆಲ್ಲ ತೋಟದ ಪಾಲಾದವು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಗಣಿಯಲ್ಲಿ ಹೊಸಬರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು. ಹುಡುಗರೆಲ್ಲ ಪಾಸ್‌ಪೋರ್ಟ್ ಫೋಟೋ ಎಂದು ನನ್ನ ಮೆಟ್ಟಿಲು ಹತ್ತತೊಡಗಿದರು. ಹಾಗೆ ಹೋದವನೊಬ್ಬ ರಜೆಗೆ ಬಂದಾಗ ಒಂದು ಕ್ಯಾಲೆಂಡರು ತಂದುಕೊಟ್ಟ. ಹನ್ನೆರಡು ತಿಂಗಳಿಗೆ ಹನ್ನೆರಡು ಬಣ್ಣದ ಚಿತ್ರ. ನಾಲ್ಕು ರಸ್ತೆ ಕೂಡುವಲ್ಲಿ ಕಾಲಗಲಿಸಿ ನಿಂತ ಗಡಿಯಾರದ ಕಂಬ. ಮೂವತ್ತು ಚಿಲ್ಲರೆ ಅಂತಸ್ತಿನ ಬಿಳಿಯ ಗೋಪುರ, ಮೈತುಂಬ ಕಿಟಕಿ. ಊರ ನಡುವೆ ನುಗ್ಗಿದ ಸಮುದ್ರದ ಕೊಲ್ಲಿ, ಅದರ ತುಂಬ ಮರದ ದೋಣಿಗಳು. ಆ ಕೊಲ್ಲಿಯ ಕೆಳಗೇ ಕಾರು ಓಡುವ ಸುರಂಗ. ಹಡಗನ್ನು ಒಣನೆಲಕ್ಕೆ ಎಳೆದು ರಿಪೇರಿ ಮಾಡುವ ಜಾಗ. "ಇದ್ನ ಪರದೆ ಮ್ಯಾಲೆ ಬರೀರಿ ಸಾರ್, ನಿಮ್ ಸ್ಟುಡಿಯೋ ಎಲ್ಲೋ ಓಯ್ತದೆ" ಎಂದ. ಬರೆದೆ. ಹನ್ನೆರಡು ತಿಂಗಳನ್ನೂ ಒಂದೇ ಬಟ್ಟೆಯ ಮೇಲೆ ಹೊಂದಿಸಿದೆ.

ನಾನು ಎಡವಿದ್ದು ಒಂದೇ ಕಡೆ. ಕ್ಯಾಲೆಂಡರಿನ ಆಗಸ್ಟ್ ತಿಂಗಳಲ್ಲಿ, ಅರ್ಧ ಕಟ್ಟಿದ ಕಟ್ಟಡದ ಹಿಂದೆ ಎತ್ತರಕ್ಕೆ ಕಬ್ಬಿಣದ ಚೌಕಟ್ಟೊಂದು ನಿಂತಿತ್ತು, ಅದರಿಂದ ಹಗ್ಗ ಇಳಿಬಿದ್ದಿತ್ತು. ಕೋರಮಂಡಲ್‌ನಲ್ಲಿ ಹುಟ್ಟಿದವನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಕಾಶಕ್ಕೆ ನಿಂತ ಕಬ್ಬಿಣ, ಅದರಿಂದ ಇಳಿದ ಹಗ್ಗ ಎಂದರೆ ಶಾಫ್ಟು. ಅಂದರೆ ಗಣಿಯ ಬಾಯಿ. ಮೇಲೆ ರಾಟೆ ತಿರುಗುತ್ತದೆ, ಕೆಳಗೆ ಜನ ಇಳಿಯುತ್ತಾರೆ. ಅಷ್ಟೊಂದು ಐಶ್ವರ್ಯವಿರುವ ಊರಲ್ಲಿ ಚಿನ್ನದ ಗಣಿ ಇರದೆ ಇನ್ನೇನಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ದುಬೈಯ ಎದೆಯ ಮೇಲೆ ಎರಡು ರಾಟೆಗಳ ಭರ್ಜರಿ ಶಾಫ್ಟೊಂದನ್ನು ನಿಲ್ಲಿಸಿದೆ. ಕ್ಯಾಲೆಂಡರಿನಲ್ಲಿ ಅದು ಸ್ಪಷ್ಟವಾಗಿರಲಿಲ್ಲವಾದ್ದರಿಂದ ನೆನಪಿನಿಂದಲೇ ಬರೆದೆ. ಅಪ್ಪ ಇಳಿಯುತ್ತಿದ್ದ ಶಾಫ್ಟು ಅದು. ಪಕ್ಕದ ತಗಡಿನ ಚಾವಣಿ ಸಮೇತ, ಗಾಳಿಗೆ ಬಗ್ಗಿದ್ದ ಆ ತಗಡಿನ ಮೂಲೆ ಸಮೇತ ಬಂತು.

ಯಾರೊಬ್ಬರೂ ತಪ್ಪು ಹಿಡಿಯಲಿಲ್ಲ. ಗಣಿಯವರಿಗಂತೂ ಅದನ್ನು ನೋಡಿ ಧೈರ್ಯ ಬಂತು. "ಅಲ್ಲೂ ಶಾಫ್ಟ್ ಐತಾ? ಅಂಗಾದ್ರೆ ಬದುಕ್ಕಬೋದು ಬುಡು" ಎಂದರು. ಸಮುದ್ರದ ಕೆಳಗಿನ ಸುರಂಗ ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಎಷ್ಟು ಅಡಿ ಆಳ ಎಂದು ಕೇಳುವರು, ಗೊತ್ತಿಲ್ಲ ಎಂದರೆ ಮೂಗು ಮುರಿಯುವರು. ಗೋಪುರದ ಮಾತೂ ಅಷ್ಟೇ. ನಮ್ಮ ಶಾಫ್ಟಿನ ಆಳವನ್ನು ಕಿತ್ತು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅಂಥ ಇಪ್ಪತ್ತು ಗೋಪುರ ಆಗುತ್ತದೆ ಎಂದು ಅಪ್ಪನ ಗೆಳೆಯನೊಬ್ಬ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟ. ಅವರೆಲ್ಲ ಬೆರಗಾಗಿದ್ದು ಸಮುದ್ರದ ನೀರನ್ನು ಸಿಹಿ ಮಾಡಿ ನಲ್ಲಿಗೆ ಬಿಡುತ್ತಾರೆಂಬ ಸುದ್ದಿಗೆ ಮಾತ್ರ. ಬಂಗಾರಪೇಟೆಯಲ್ಲಿ ಆಗ ನಲ್ಲಿ ಬರುವುದು ಮೂರು ದಿನಕ್ಕೊಮ್ಮೆ.

ನನ್ನ ತಪ್ಪನ್ನು ಒಬ್ಬ ಮಾತ್ರ ಹಿಡಿದ. ಅಲ್ಲಿ ಎರಡು ವರ್ಷ ನೆಲಕ್ಕೆ ಕಲ್ಲು ಹಾಸಿ ಬಂದಿದ್ದ ರಾಬರ್ಟ್‌ಸನ್ ಪೇಟೆಯ ತಮಿಳು ಮೇಸ್ತ್ರಿ. "ಅಣ್ಣೇ, ಅದು ರಾಟೆ ಇಲ್ಲ, ಕ್ರೇನು. ಸಾಮಾನು ಎತ್ತೋ ಮಿಷಿನು. ಅಲ್ಲಿ ಚಿನ್ನ ತೋಡಲ್ಲ, ಎಣ್ಣೆ" ಎಂದ. ನನಗೆ ಉರಿದುಹೋಯಿತು. ದುಬೈಯನ್ನು ಕಣ್ಣಾರೆ ಕಂಡವನು ಅವನೇ ಇರಬಹುದು, ಆದರೆ ಹನ್ನೊಂದು ದಿನ ಸೊಂಟ ಮುರಿದುಕೊಂಡವನು ನಾನಲ್ಲವೇ? ಇಷ್ಟು ಚೆನ್ನಾಗಿ ಬಂದ ರಾಟೆಯನ್ನು ಅಳಿಸುವುದಿಲ್ಲ ಎಂದೆ. ಅವನು ನಕ್ಕು, ಆ ಬಿಳಿಯ ಗೋಪುರದ ಮುಂದೆ ಒಂದು ಫೋಟೋ ತೆಗೆಸಿಕೊಂಡ. ಅಲ್ಲೇ ಇದ್ದು ಬಂದವನಿಗೆ ಇದೇಕೆ ಎಂದು ಕೇಳಿದೆ. "ಒಳಗೆ ನೆಲ ಪೂರಾ ನಾನೇ ಆಕಿದ್ದು ಅಣ್ಣೇ. ಕೆಲ್ಸ ಮುಗೀತು, ಗೇಟ್ ಒಳಗೆ ಬಿಡ್ಲಿಲ್ಲ" ಎಂದ. ಆ ಫೋಟೋಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ರಾಟೆಯನ್ನೂ ಅಳಿಸಲಿಲ್ಲ.

ಇದಾದ ಮೇಲೆ ಬಂದವನು, ಕಾಮಸಮುದ್ರದ ರಸ್ತೆಯ ಒಂದು ಹಳ್ಳಿಯ ರೈತ. ಬಂಗಾರಪೇಟೆಯಿಂದ ಎಂಟು ಮೈಲಿ. ಒಂದಿಷ್ಟು ಹೊಲ, ಎರಡು ಹಸು, ಹೆಂಡತಿ. ಹಾಲು ಕೋರಮಂಡಲ್‌ಗೆ ಹೋಗುತ್ತಿತ್ತು, ಹೊರುತ್ತಿದ್ದವಳು ಹೆಂಡತಿ. ಹಸುವೊಂದನ್ನು ಮಾರಿ ದುಬೈಗೆ ಹೊರಟಿದ್ದ. ಪಾಸ್‌ಪೋರ್ಟ್ ಫೋಟೋ ತೆಗೆದವನು ನಾನೇ. ಹೊರಡುವ ದಿನ ಅವನ ಊರಿಗೂರೇ ತಮಟೆ ಹೊಡೆಸಿಕೊಂಡು ಸ್ಟೇಷನ್ನಿಗೆ ಬಂದಿತ್ತು. ಕೊರಳಿನ ಹಾರಗಳಿಂದಾಗಿ ಅವನು ರೈಲಿನ ಬಾಗಿಲಲ್ಲಿ ಹಿಡಿಸದೆ, ಹಾರ ತೆಗೆದು ಒಳಗೆ ಹತ್ತಿ ಮತ್ತೆ ಹಾಕಿಕೊಂಡದ್ದನ್ನು ನನ್ನ ಮಹಡಿಯ ಕಿಟಕಿಯಿಂದ ನೋಡಿದ್ದೆ.

ಎರಡು ತಿಂಗಳೂ ಆಗಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಅವನು ಮುಖ ಮುಚ್ಚುವಂತೆ ಟವಲು ಹೊದ್ದು ಕೂತಿದ್ದ. ಬೊಂಬಾಯಿಯಲ್ಲಿ ಏಜೆಂಟು ಪಾಸ್‌ಪೋರ್ಟುಗಳ ಸಮೇತ ಮಾಯವಾಗಿದ್ದನಂತೆ. ಇವನು ಹಡಗುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದಿದ್ದ.

"ಊರ್ಗೋಗಪ್ಪಾ, ಇದ್ರಾಗೆ ನಿಂದೇನು ತಪ್ಪು?" ಎಂದೆ.

"ಎಂಗೋಗ್ಲಿ ಅಣ್ಣ? ಅವ್ಳು ಕೈಯಾರೆ ಸಾಕಿದ್ ಅಸ ಮಾರವ್ಳೆ. ಊರಾಗೆ ತಲೆ ಎತ್ಕಂಡು ಓಡಾಡ್ತಾವ್ಳೆ, ದುಬೈಯೋನ ಎಂಡ್ತಿ ಅಂತ. ಅವ್ಳಿಗೆ ಗೊತ್ತಾಗ್ಬಾರ್ದು. ಇವತ್ತಲ್ಲ ನಾಳೆ ನಿಜವಾಗ್ಲೂ ಓಯ್ತೀನಿ. ಅದರ್‌ಗಂಟ ಒಂದ್ ಪಟ ತೆಗ್ದುಕೊಡು."

ಪಟ ಎಂದರೆ ನನ್ನ ದುಬೈಯ ಮುಂದೆ. ನಾನು ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಪರದೆ ನಿಜವಾದ ಪರೀಕ್ಷೆಗೆ ನಿಲ್ಲುವ ಕಾಲ ಬಂತೆಂದು ಒಳಗೊಳಗೇ ಹಿಗ್ಗಿದೆ, ಅದೇ ನಿಜ. ಸ್ಟುಡಿಯೋದ ಕೋಟು ತೊಡಿಸಿದೆ. ತಾಲ್ಲೂಕಿನ ಅರ್ಧ ಮದುಮಕ್ಕಳು ತೊಟ್ಟ ಕೋಟು ಅದು. ದಷ್ಟಪುಷ್ಟ ಆಳು, ಗುಂಡಿ ಹಾಕುವಷ್ಟರಲ್ಲಿ ಇಬ್ಬರಿಗೂ ಬೆವರು ಬಂತು. ಪರದೆ ನೆಲ ಮುಟ್ಟುವಲ್ಲಿ ಹೂಕುಂಡ ಇಟ್ಟೆ. ಇಂಥ ಫೋಟೋದಲ್ಲಿ ಹಿಂದಿನ ಪರದೆ ಸ್ವಲ್ಪ ಮಂಜಾಗಬೇಕು, ಆಗಲೇ ನಿಜವೆನಿಸುವುದು. ಇದು ಕಸುಬಿನ ಮೊದಲ ಪಾಠ. ಆದರೆ ತೆಗೆಯುವವನೂ ನಾನೇ, ಬರೆದವನೂ ನಾನೇ. ಗೋಪುರದ ಒಂದೊಂದು ಕಿಟಕಿ, ರಾಟೆಯ ಒಂದೊಂದು ಕಡ್ಡಿ ಎದ್ದು ಕಾಣುವಂತೆ ತೆಗೆದೆ.

ಅವನು ಸಂಜೆಯ ರೈಲಿಗೆ ಬೊಂಬಾಯಿಗೆ ವಾಪಸು ಹೋದ. ಫೋಟೋ ಮತ್ತು ಅವನು ಹೆಂಡತಿಗೆ ಬರೆದಿಟ್ಟ ಕಾಗದವನ್ನು, ಆ ವಾರ ನಿಜವಾಗಿಯೂ ದುಬೈಗೆ ಹೊರಟಿದ್ದ ಗಿರಾಕಿಯೊಬ್ಬನ ಕೈಗೆ ಕೊಟ್ಟೆ. ಅವನು ಅಲ್ಲಿಂದ ಅಂಚೆಗೆ ಹಾಕಿದ. ನಗರ ಸುಳ್ಳಾದರೂ ಸ್ಟಾಂಪು ಅಪ್ಪಟ ನಿಜ.

ತಿಂಗಳಾದ ಮೇಲೆ ಖಾಲಿ ಹಾಲಿನ ಕ್ಯಾನು ಹಿಡಿದು ಅವನ ಹೆಂಡತಿ ಬಂದಳು. ಕೋರಮಂಡಲ್‌ನಲ್ಲಿ ಹಾಲು ಹಾಕಿ ರೈಲು ಹತ್ತಿ ಬಂದಿದ್ದಳು. ಕೆಳಗೆ ಅಂಗಡಿಯವನ ಬಳಿ ಅವಳು ತಾನು ದುಬೈಯವನ ಹೆಂಡತಿ ಎಂದು ಹೇಳಿ ನನ್ನ ಸ್ಟುಡಿಯೋ ಕೇಳುತ್ತಿದ್ದದ್ದು ಕಿವಿಗೆ ಬಿದ್ದು, ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ದುಬೈಯನ್ನು ಮೇಲಕ್ಕೆ ಸುತ್ತಿ ತಾಜಮಹಲನ್ನು ಇಳಿಬಿಟ್ಟಿದ್ದೆ. ಸೆರಗಿನಿಂದ ಫೋಟೋ ತೆಗೆದು, ಕಟ್ಟು ಹಾಕಿಕೊಡಬೇಕು ಎಂದಳು. ಆಮೇಲೆ, "ಇದ್ರಾಗೆ ಏನೇನವೆ, ಒಸಿ ಏಳಣ್ಣ" ಎಂದಳು. ನಾನು ಗಡಿಯಾರದ ಕಂಬ, ಗೋಪುರ, ಕೊಲ್ಲಿ ಎಂದು ಗೈಡಿನವನ ಹಾಗೆ ಹೇಳುತ್ತಾ ಹೋದೆ. ಅವಳ ಬೆರಳು ನನ್ನ ಮಾತಿನ ಹಿಂದೆಯೇ ಬಂತು. ಶಾಫ್ಟಿನ ಮೇಲೆ ಬಂದು ನಿಂತಿತು.

"ಇದು?"

"ಅದಾ... ಅದು ಕ್ರೇನು ತಾಯಿ. ಮಹಡಿ ಮೇಲೆ ಮಹಡಿ ಕಟ್ಟೋಕೆ ಸಾಮಾನು ಎತ್ತೋ ಮಿಷಿನು."

"ಓ" ಎಂದಳು. ಕಟ್ಟು ಗಟ್ಟಿಯಾಗಿರಲಿ ಎಂದು ಹೇಳಿ ಹೋದಳು. ತಮಿಳು ಮೇಸ್ತ್ರಿಯ ಮಾತು ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ನಾನು ಬೆವರು ಒರೆಸಿಕೊಂಡೆ.

ಹೀಗೆ ಮೂರು ವರ್ಷ ನಡೆಯಿತು. "ಅಣ್ಣ, ಈ ಸಲ ದುಬೈನಾಗೆ ಏನ್ ಒಸದು?" ಎಂದು ಅವನು ಬೊಂಬಾಯಿಯಿಂದ ಬರೆಯುವನು. ನಾನು ರಜೆಗೆ ಬಂದವರನ್ನು ವಿಚಾರಿಸಿ, ಮರಳಿನಲ್ಲಿ ಹುಲ್ಲು ಬೆಳೆಸಿದ್ದಾರಂತೆ, ಹೊಸ ಬಂದರಿಗೆ ಸಮುದ್ರವನ್ನೇ ಅಗೆದಿದ್ದಾರಂತೆ ಎಂದು ತಿಳಿಸುವೆ. ಅದನ್ನು ಅವನು ತನ್ನ ಕೈಬರಹದಲ್ಲಿ ಬರೆದು ನನಗೆ ಕಳಿಸುವನು. ನಾನು ಹೊರಟವರ ಕೈಗೆ ಕೊಡುವೆ, ಅವರು ಅಲ್ಲಿ ಅಂಚೆಗೆ ಹಾಕುವರು, ಹಳ್ಳಿಯ ಮೇಷ್ಟ್ರು ಅದನ್ನು ಜಗಲಿಯಲ್ಲಿ ಓದಿ ಹೇಳುವರು. ಕೂಲಿಯಲ್ಲಿ ಉಳಿಸಿದ್ದನ್ನು ಅವನು ನನಗೆ ಕಳಿಸಿದರೆ, ದುಬೈಯಿಂದ ಬಂದವರು ಕೊಟ್ಟರು ಎಂದು ಅವಳಿಗೆ ತಲುಪಿಸುತ್ತಿದ್ದೆ. ಒಂದು ಸುಳ್ಳಿಗಾಗಿ ಇಷ್ಟು ಜನ ಇಷ್ಟು ನಿಯತ್ತಾಗಿ ದುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪರದೆಯೂ ಸುಮ್ಮನಿರಲಿಲ್ಲ. ಅಲ್ಲಿ ಹೊಸ ಕಟ್ಟಡವೆದ್ದ ಸುದ್ದಿ ಬಂದಾಗಲೆಲ್ಲ ನಾನೂ ಒಂದನ್ನು ಎಬ್ಬಿಸುತ್ತಿದ್ದೆ. ನಮ್ಮ ರೈಲ್ವೆ ಗೇಟಿನ ಮೇಲೆ ಸೇತುವೆ ಆಗುತ್ತದೆಂದು ಅದೇ ಮೂರು ವರ್ಷ ಪೇಟೆಯವರೆಲ್ಲ ಮಾತಾಡಿಕೊಂಡಿದ್ದರು. ನಾವು ಗೇಟಿನ ಮುಂದೆ ನಿಂತೇ ಇದ್ದೆವು.

ವರ್ಷಕ್ಕೊಮ್ಮೆ ಅವನು ಬೆಳಗಿನ ರೈಲಿಗೆ ಬಂದು, ಕೋಟು ತೊಟ್ಟು ಫೋಟೋ ತೆಗೆಸಿಕೊಂಡು, ಸಂಜೆಯ ರೈಲಿಗೆ ಹೋಗುತ್ತಿದ್ದ. ನಡುವೆ ಬೆಂಚಿನ ಮೇಲೆ ಕೂತು ಊರಿನ ದಿಕ್ಕಿನ ಕಿಟಕಿ ನೋಡುತ್ತಿದ್ದ. ತಿಂಗಳ ಮೇಲೆ ಅದೇ ಬೆಂಚಿನ ಮೇಲೆ ಅವಳು ಕೂತು, ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದಳು. ಗಂಡ ಹೆಂಡಿರು ಒಂದೇ ಹಲಗೆಯನ್ನು ಸವೆಸುತ್ತಿದ್ದರು. ಇದನ್ನು ನೋಡಿಯೂ ಬಾಯಿ ಬಿಡದ ನಾನು ಎಂಥವನು ಎಂದು ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಮೂರನೆಯ ಫೋಟೋ ಅಂಚೆಗೆ ಹೋದ ಮೇಲೆ ಅವಳು ಬಂದದ್ದು ಕಟ್ಟು ಹಾಕಿಸಲಿಕ್ಕಲ್ಲ. ಕ್ಯಾನನ್ನು ಬಾಗಿಲ ಬಳಿ ಇಟ್ಟು, ಮೂರೂ ಫೋಟೋಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

"ದುಬೈನಾಗೆ ಮೂರ್ ವರ್ಷಕ್ಕೂ ಒಂದೇ ಕೋಟಾ ಅಣ್ಣ?"

ನಾನು ಫೋಟೋಗಳ ಮೇಲೆ ಬಗ್ಗಿದೆ.

"ಮೊದ್ಲನೇ ಪಟದಾಗೆ ನೋಡು, ಗುಂಡಿ ಬಿಗಿದೈತೆ. ಎರಡ್ನೇದ್ರಾಗೆ ಸರ್‌ಯಾಗಿ ಕೂತೈತೆ. ಇದ್ರಾಗೆ ನೋಡು. ಇನ್ನೊಬ್ಬ ಇಡೀತಾನೆ ಒಳ್ಗೆ."

ನಿಜ. ನಾನು ಆ ಮೂರು ಸಲವೂ ಅವನ ಹಿಂದಿನ ಗೋಪುರ ನೋಡಿದ್ದೆನೇ ಹೊರತು ಅವನನ್ನು ನೋಡಿರಲಿಲ್ಲ. ಕೋಟು ಗಳುವಿಗೆ ನೇತುಹಾಕಿದಂತಿತ್ತು.

"ಪರದೆ ಇಳ್ಸಣ್ಣ, ನೋಡಾನ" ಎಂದಳು.

"ಯಾವ ಪರದೆ ತಾಯಿ?"

"ಬಗ್ಗಿದ್ ತಗಡು ಇರೋದು. ಕೋರಮಂಡಲ್‌ನಾಗೆ ದಿನಾ ಅದ್ರ ಕೆಳ್ಗೇ ಕುಂತು ಆಲು ಅಳ್ದಿದೀನಿ. ಮಳೆ ಬಂದ್ರೆ ಆ ಮೂಲೆನಾಗೆ ಸೋರಿ ನನ್ ಬೆನ್ ಮ್ಯಾಲೆ ಬೀಳ್ತೈತೆ. ಮೊದ್ಲನೇ ಪಟ ಬಂದ್ ದಿನಾನೇ ನೋಡ್ದೆ. ನಾನ್ ಕುಂತ್ಕಳೋ ಜಾಗದಾಗೆ ನಮ್ಮನೆಯೋರು ನಿಂತವ್ರೆ, ದುಬೈ ಅಂತ ಬರ್ದವ್ರೆ. ಪಾಸ್‌ಪೋರ್ಟ್ ಪಟ ತೆಗ್ಸಿದ್ದು ಇಲ್ಲೇ ಅಂತ ಗೊತ್ತಿತ್ತು, ಅದ್ಕೇ ಇಲ್ಲಿಗ್ ಬಂದು ನಿನ್ನ ಕೇಳ್ದೆ. ನೀನು ಕ್ರೇನು ಅಂದೆ."

ಮೂರು ವರ್ಷ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳುವಷ್ಟು ಧೈರ್ಯ ನನಗೆ ಹೇಗೋ ಬಂತು.

"ಮೊದ್ಲನೇ ವರ್ಷ, ಎಲ್ಲೋ ಒಂದ್ ಕಡೆ ಜೀವಂತ್ವಾಗವ್ರಲ್ಲ ಅನ್ಕಂಡೆ. ಎರಡ್ನೇ ವರ್ಷ, ಅವ್ರೇ ಬಂದ್ ಏಳ್ಲಿ ಅನ್ಕಂಡೆ. ನಾನಾಗೇ ಬಾಯ್ ಬುಟ್ರೆ ಊರಾಗೆ ಅವ್ರ ಮರ್ವಾದೆ ಓಯ್ತದೆ. ಈಗ ನಂಗೆ ಮೈಯೆಲ್ಲ ಸಿಟ್ಟಣ್ಣ. ಅವ್ರ ಮ್ಯಾಲೂ ಸಿಟ್ಟು, ನಿನ್ ಮ್ಯಾಲೂ ಸಿಟ್ಟು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂದೂ ಒಂದ್ ಪಟ ತೆಗಿ. ಅವ್ರು ನಿಂತ್ಕಂಡ್ರಲ್ಲ, ಅದೇ ಪರದೆ ಮುಂದೆ."

ದುಬೈ ಇಳಿಯಿತು. ಅವಳು ಫೋಟೋ ನೋಡಿಕೊಂಡು, ಹೂಕುಂಡದಿಂದ ಅಳೆದು, ಅವನು ನಿಂತಿದ್ದ ಜಾಗ ಪತ್ತೆ ಮಾಡಿದಳು. ಅದನ್ನು ಹಾಗೇ ಖಾಲಿ ಬಿಟ್ಟು ಅದರ ಎಡಕ್ಕೆ ನಿಂತಳು. ಕ್ಯಾನನ್ನು ತೆಗೆಯಲೇ ಎಂದೆ. ಬೇಡ ಎಂದು ಅದನ್ನೂ ತಂದು ಕಾಲ ಬಳಿ ಇಟ್ಟುಕೊಂಡಳು. ನಮ್ಮ ಹಳೆಯ ಮರದ ಕ್ಯಾಮೆರಾದ ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಕಾಣುವುದು. ಗೋಪುರ ಕೆಳಕ್ಕೆ ಇಳಿಯುತ್ತಿತ್ತು. ಕರಿಬಟ್ಟೆಯೊಳಗೆ ತಲೆ ಹಾಕಿದವನು ಹೊರಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡೆ, ಏಕೆಂದರೆ ನಾನು ಅಳುತ್ತಿದ್ದೆ.

"ಏನಾದ್ರೂ ಕಾಗದ ಬರೀಬೇಕಾ ತಾಯಿ?"

"ಬೇಡ. ಪಟ ಒಂದೇ ಕಳ್ಸು. ನೆಟ್ಟಗೆ ಅವ್ರಿರೋ ಕಡೀಕೇ ಕಳ್ಸು."

ಬೊಂಬಾಯಿಗೆ ನೇರವಾಗಿ ಕಳಿಸಿದೆ. ಆ ಗಂಡ ಹೆಂಡಿರ ನಡುವೆ ದುಬೈ ಸುತ್ತದೆ ಹೋದ ಮೊದಲ ಲಕೋಟೆ ಅದು.

ಎರಡು ವಾರ ಕಳೆದಿರಬೇಕು. ಬೆಳಗಿನ ರೈಲಿಗೆ ಅವನು ಬಂದ. ಟವಲು ಮುಖಕ್ಕಿರಲಿಲ್ಲ, ಹೆಗಲ ಮೇಲಿತ್ತು. ಅದೇ ಬೆಂಚಿನ ಮೇಲೆ ಕೂತು ಜೇಬಿನಿಂದ ಫೋಟೋ ತೆಗೆದ. ಹಿಡಿದು ಹಿಡಿದು ಅದರ ಮೂಲೆಗಳು ಮೆತ್ತಗಾಗಿದ್ದವು.

"ಅವ್ಳಿಗೆ ಯಾವಾಗ್ನಿಂದ ಗೊತ್ತಣ್ಣ?"

"ಮೊದಲನೇ ಪಟದಿಂದ" ಎಂದೆ. ಹಗ್ಗ ಸಡಿಲಿಸಿ, ಅವಳು ದಿನಾ ಕೂತು ಹಾಲು ಅಳೆಯುವ ಆ ತಗಡಿನ ಮೂಲೆಯನ್ನು ಪರದೆಯಲ್ಲಿ ತೋರಿಸಿದೆ. ಕ್ರೇನು ಎಂದು ಗೊತ್ತಾದ ಮೇಲೂ ಜಂಬಕ್ಕೆ ಅಳಿಸದೆ ಬಿಟ್ಟಿದ್ದು ನಾನೇ ಎಂದು ಒಪ್ಪಿಕೊಂಡೆ. ಅವನು ಬೈಯಲಿಲ್ಲ. ಹತ್ತಿರ ಹೋಗಿ ಆ ತಗಡನ್ನು ಬಹಳ ಹೊತ್ತು ನೋಡಿದ. ದುಬೈಯಲ್ಲಿ ಅವನು ಅಷ್ಟು ಗಮನವಿಟ್ಟು ನೋಡಿದ್ದು ಅದೊಂದನ್ನೇ.

ಊರಿಗೆ ಹಾಕಿಕೊಂಡು ಹೋಗಲು ಕೋಟು ಬೇಕೇ ಎಂದು ಕೇಳಿದೆ. ಮೂರು ವರ್ಷದ ಪಾಪಕ್ಕೆ ನನಗೆ ತೋಚಿದ ಪ್ರಾಯಶ್ಚಿತ್ತ ಅಷ್ಟೇ.

"ಬೇಡಣ್ಣ. ಅದ್ನ ನೋಡಿ ನೋಡಿ ಅವ್ಳಿಗೆ ಸಾಕಾಗೈತೆ" ಎಂದ.

ನಲ್ಲಿಯಲ್ಲಿ ಅಂದು ನೀರಿತ್ತು. ಮುಖ ತೊಳೆದುಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತು, ಪರವೂರಿನವನ ಹಾಗೆ ಕೇಳಿದ.

"ಕಾಮಸಮುದ್ರದ ಬಸ್ಸು ಎಷ್ಟೊತ್ತಿಗಣ್ಣ?"

"ಗಂಟೆಗೊಂದು ಇದೆ" ಎಂದೆ.

ಮೂರು ವರ್ಷದಿಂದಲೂ ಗಂಟೆಗೊಂದು ಇತ್ತು.